ಗಡಿ ದಾಟುವ ದಾಖಲೆ: ಆದವಾನಿ ಸೀಮೆಯ ಆಡಳಿತ ಚರಿತ್ರೆ ಮತ್ತು ಡಿಜಿಟಲ್ ಸೇವೆಗಳ ಯೋಜನೆ

ಕರ್ನೂಲು ಜಿಲ್ಲೆಯ ಹೊಳಗುಂದ ಮಂಡಲದ ರೈತನೊಬ್ಬನ ಅಡಂಗಲ್‌ನಲ್ಲಿ ಜಮೀನಿನ ವಿಸ್ತೀರ್ಣ 3.20 ಎಂದು ನಮೂದಾಗಿದ್ದರೆ ಅದರ ಅರ್ಥ ಮೂರು ಎಕರೆ ಇಪ್ಪತ್ತು ಸೆಂಟು. ಅಲ್ಲಿಂದ ಪಡುವಣಕ್ಕೆ ಗಡಿ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನ ಪಹಣಿಯಲ್ಲಿ ಅವೇ ಅಂಕೆಗಳು ಮೂರು ಎಕರೆ ಇಪ್ಪತ್ತು ಗುಂಟೆಯನ್ನು ಸೂಚಿಸುತ್ತವೆ. ಎಕರೆಗೆ ನೂರು ಸೆಂಟು. ಎಕರೆಗೆ ನಲವತ್ತು ಗುಂಟೆ. ಆದ್ದರಿಂದ ಮೊದಲನೆಯದು ಮೂರೂಕಾಲು ಎಕರೆಗೂ ಕಡಿಮೆ, ಎರಡನೆಯದು ಸರಿಯಾಗಿ ಮೂರೂವರೆ ಎಕರೆ. ಬರಹ ಒಂದೇ, ನಡುವಿನ ವ್ಯತ್ಯಾಸ ಹನ್ನೆರಡು ಗುಂಟೆ ಭೂಮಿ. 1953ರವರೆಗೆ ಈ ಎರಡೂ ಊರುಗಳು ಒಂದೇ ಜಿಲ್ಲೆಯಲ್ಲಿದ್ದು, ಮದ್ರಾಸ್ ಪ್ರಾಂತದ ಒಂದೇ ನಮೂನೆಯ ಗ್ರಾಮಲೆಕ್ಕಗಳಲ್ಲಿ ದಾಖಲಾಗುತ್ತಿದ್ದವು ಎಂಬುದನ್ನು ನೆನೆದರೆ ಈ ವ್ಯತ್ಯಾಸಕ್ಕೊಂದು ಚರಿತ್ರೆ ಇರುವುದು ಮನವರಿಕೆಯಾಗುತ್ತದೆ.

ಸಾರ್ವಜನಿಕ ಸೇವೆಗಳನ್ನು ಗಣಕೀಕರಿಸಿ ಗಡಿಯಾಚೆಗೂ ಸಲ್ಲುವಂತೆ ಮಾಡಬೇಕೆಂಬ ಚರ್ಚೆ ಜಗತ್ತಿನ ಹಲವೆಡೆ ನಡೆದಿದೆ. ಯುರೋಪಿಯನ್ ಒಕ್ಕೂಟವು 2017ರಲ್ಲಿ ಪರಿಷ್ಕರಿಸಿದ ಪರಸ್ಪರ ಕಾರ್ಯಾಚರಣೆಯ ಚೌಕಟ್ಟು ಈ ಕೆಲಸವನ್ನು ನಾಲ್ಕು ಸ್ತರಗಳಾಗಿ ಬಿಡಿಸುತ್ತದೆ: ತಾಂತ್ರಿಕ, ಆರ್ಥಿಕವಲ್ಲದ ಅರ್ಥಸಂಬಂಧಿ, ಸಾಂಸ್ಥಿಕ ಮತ್ತು ಕಾನೂನಾತ್ಮಕ. ರಾಷ್ಟ್ರಗಳ ಗಡಿಗೆಂದು ರೂಪಿಸಿದ ಈ ವಿಂಗಡಣೆ ಆದವಾನಿ ಸೀಮೆಯಂತಹ ರಾಜ್ಯಗಡಿಯ ಪ್ರದೇಶವನ್ನು ಓದಲೂ ನೆರವಾಗುತ್ತದೆ. ಈ ಬರಹದ ವಾದ ಇಷ್ಟು: ಇಲ್ಲಿ ತಾಂತ್ರಿಕ ಸ್ತರದ ತೊಡಕು ಬಹುಮಟ್ಟಿಗೆ ಕರಗಿದೆ, ಸಾಂಸ್ಥಿಕ ಸ್ತರದಲ್ಲಿ ನೀರಿನ ವಿಷಯಕ್ಕೆ ಏಳು ದಶಕಗಳ ಹಿಂದೆಯೇ ಒಂದು ಮಾದರಿ ಹುಟ್ಟಿದೆ, ಅರ್ಥ ಮತ್ತು ಕಾನೂನಿನ ಸ್ತರಗಳಲ್ಲಿ ಮಾತ್ರ 1953ರ ಗಡಿ ಹಿಂದಿಗಿಂತ ಗಟ್ಟಿಯಾಗುತ್ತಿದೆ. ಅದರ ಭಾರವನ್ನು ಹೊರುತ್ತಿರುವವರು ಕನ್ನಡ ಮಾತನಾಡುವ ಗಡಿಜನ.

ಒಂದು ಜಿಲ್ಲೆ ಎರಡಾದ ಬಗೆ

ಕನ್ನಡಿಗರು ಆದವಾನಿ ಎಂದೂ ತೆಲುಗರು ಆದೋನಿ ಎಂದೂ ಕರೆಯುವ ಈ ಪಟ್ಟಣ 1800ರ ಒಪ್ಪಂದದಿಂದ ಹೈದರಾಬಾದಿನ ನಿಜಾಮನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂತು. ದತ್ತಮಂಡಲಗಳ ಪ್ರಧಾನ ಕಲೆಕ್ಟರನಾಗಿ 1800ರಿಂದ 1807ರವರೆಗೆ ಇದ್ದ ಥಾಮಸ್ ಮನ್ರೋ ಇಲ್ಲಿ ಭೂಮಾಪನ ನಡೆಸಿ ರೈತವಾರಿ ಪದ್ಧತಿಗೆ ಅಡಿಪಾಯ ಹಾಕಿದ. ಆ ಇಡೀ ವ್ಯವಸ್ಥೆ ನಿಂತದ್ದು ಊರಿನ ಲೆಕ್ಕಿಗನ ಮೇಲೆ. ಕನ್ನಡದವರಿಗೆ ಆತ ಶಾನುಭೋಗ, ತೆಲುಗಿನವರಿಗೆ ಕರಣಂ. 1808ರಲ್ಲಿ ದತ್ತಮಂಡಲಗಳು ಬಳ್ಳಾರಿ ಮತ್ತು ಕಡಪ ಎಂದು ಎರಡು ಜಿಲ್ಲೆಗಳಾದವು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಬೇರೆಯಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಲ್ಲೇ ಉಳಿದವು.

ಭಾಷಾವಾರು ಪ್ರಾಂತಗಳ ಮಾತು ಬಂದಾಗ ಈ ದ್ವಿಭಾಷಾ ಜಿಲ್ಲೆ ವಿವಾದದ ಕೇಂದ್ರವಾಯಿತು. ಕಾಂಗ್ರೆಸ್ಸಿನ ಆಂಧ್ರ ಮತ್ತು ಕರ್ನಾಟಕ ಪ್ರಾಂತ ಸಮಿತಿಗಳ ನಡುವಣ ತಕರಾರಿಗೆ 1921ರಲ್ಲಿ ಎನ್.ಸಿ. ಕೇಳ್ಕರ್ ನೀಡಿದ ತೀರ್ಪು ಈ ಮೂರು ತಾಲ್ಲೂಕುಗಳನ್ನು ಆಂಧ್ರದ ಪಾಲಿಗೆ ಬಿಟ್ಟಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಅದೇ ಗೆರೆ ರಾಜ್ಯಗಡಿಯಾಯಿತು. ಆದವಾನಿ ಮತ್ತು ಆಲೂರು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ ಸೇರಿದವು. ಬಳ್ಳಾರಿ ತಾಲ್ಲೂಕು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವಿಚಾರಣೆಯ ಬಳಿಕ ಜಿಲ್ಲೆಯ ಉಳಿದ ಕನ್ನಡ ತಾಲ್ಲೂಕುಗಳಂತೆ ಮೈಸೂರಿಗೆ ಹೋಯಿತು. 1955ರ ರಾಜ್ಯ ಪುನರ್ವಿಂಗಡಣಾ ಆಯೋಗ ತುಂಗಭದ್ರಾ ಯೋಜನೆಯ ಕಾರಣ ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನೂ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತಾದರೂ ಅದು ಜಾರಿಗೆ ಬರಲಿಲ್ಲ. ಗಡಿ 1953ರಲ್ಲಿ ನಿಂತಲ್ಲೇ ನಿಂತಿತು. ಆದವಾನಿಯಿಂದ ಕರ್ನೂಲಿಗಿಂತ ಬಳ್ಳಾರಿಯೇ ಇಂದಿಗೂ ಹತ್ತಿರ. ಕೊಡುವುದು–ತರುವುದು, ಸಂತೆ, ಆಸ್ಪತ್ರೆ, ಜಾತ್ರೆಗಳ ನಂಟು ಗೆರೆಯನ್ನು ಲೆಕ್ಕಿಸದೆ ಮುಂದುವರಿಯಿತು. ಲೆಕ್ಕದ ಪುಸ್ತಕಗಳು ಮಾತ್ರ ಎರಡು ರಾಜಧಾನಿಗಳತ್ತ ಮುಖ ಮಾಡಿದವು.

ನೀರು ದಾಟಿದ ರೀತಿ

ಆಯೋಗವು ಕಾರಣವಾಗಿ ಮುಂದಿಟ್ಟ ತುಂಗಭದ್ರೆಯೇ ಗಡಿ ದಾಟುವ ಸೇವೆಗೆ ಈ ಸೀಮೆಯ ಅತ್ಯುತ್ತಮ ನಿದರ್ಶನವಾಗಿರುವುದು ಚರಿತ್ರೆಯ ವ್ಯಂಗ್ಯ. ಅಣೆಕಟ್ಟಿನ ಒಡಂಬಡಿಕೆ 1944ರಲ್ಲಿ ಬ್ರಿಟಿಷ್ ಮದ್ರಾಸ್ ಮತ್ತು ನಿಜಾಮನ ಹೈದರಾಬಾದ್ ನಡುವೆ ಆದದ್ದು. ಮಂತ್ರಾಲಯದ ಬಳಿ ನದಿಯ ಈ ದಡ ಆಗ ಒಂದು ಆಳ್ವಿಕೆ, ರಾಯಚೂರಿನ ಆ ದಡ ಮತ್ತೊಂದು ಆಳ್ವಿಕೆ. ಅದು ಹೆಚ್ಚುಕಡಿಮೆ ಎರಡು ದೇಶಗಳ ನಡುವಿನ ಗಡಿಯೇ. 1953ರಲ್ಲಿ ಜಿಲ್ಲೆ ಒಡೆದಾಗ ಅಣೆಕಟ್ಟು ಮೈಸೂರಿನಲ್ಲೂ ಬಲದಂಡೆಯ ಕೆಳಮಟ್ಟದ ಕಾಲುವೆಯ ಕೊನೆಯ ಅಚ್ಚುಕಟ್ಟು ಆಂಧ್ರದಲ್ಲೂ ಉಳಿಯಿತು. ಇದನ್ನು ಮುಂಗಂಡೇ ಆಂಧ್ರ ರಾಜ್ಯ ಕಾಯ್ದೆ ತುಂಗಭದ್ರಾ ಮಂಡಳಿಗೆ ಅವಕಾಶ ಕಲ್ಪಿಸಿತು.

ಮಂಡಳಿಯ ರಚನೆಯಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದಾಗಿ, ಅದು ರಾಜ್ಯಗಳ ಸೌಜನ್ಯದ ಮೇಲೆ ನಿಲ್ಲದೆ ಶಾಸನದ ಮೇಲೆ ನಿಂತಿದೆ. ಎರಡನೆಯದಾಗಿ, ಅದರಲ್ಲಿ ಕೇಂದ್ರದವರೊಡನೆ ಸಂಬಂಧಪಟ್ಟ ರಾಜ್ಯಗಳ ಪ್ರತಿನಿಧಿಗಳೂ ಇದ್ದಾರೆ. ಮೂರನೆಯದಾಗಿ, ಎಲ್ಲರೂ ಒಪ್ಪಿದ ಒಂದೇ ಅಳತೆ ಅಲ್ಲಿದೆ: ಹೊಸಪೇಟೆಯಲ್ಲಿ ಒಂದು ಕ್ಯೂಸೆಕ್ ಎಂದರೆ ಆದವಾನಿಯಲ್ಲೂ ಒಂದು ಕ್ಯೂಸೆಕ್. ಪಾಲಿನ ಬಗ್ಗೆ ಜಗಳಗಳಾಗಿವೆ, ಆಗುತ್ತಲೂ ಇವೆ. ಕಾಲುವೆಯ ಬಾಲಭಾಗದ ರೈತರ ದೂರು ಇನ್ನೂ ನಿಂತಿಲ್ಲ. ಆದರೂ ಜಗಳವಾಡಲು ಒಂದು ಮೇಜು, ಒಂದು ಲೆಕ್ಕ, ಎರಡೂ ಕಡೆಯವರಿಗೆ ಅರ್ಥವಾಗುವ ಒಂದು ಅಂಕೆ ಇದೆ. ಭೂಮಿಯ ದಾಖಲೆಗಾಗಲಿ, ಶಾಲೆಯ ಪ್ರಮಾಣಪತ್ರಕ್ಕಾಗಲಿ, ಭಾಷೆಗಾಗಲಿ ಅಂತಹ ಮೇಜನ್ನು 1953ರಲ್ಲಿ ಯಾರೂ ಹಾಕಲಿಲ್ಲ.

ಪತ್ರದಿಂದ ನಮೂನೆಗೆ

ಭಾಷಾ ಅಲ್ಪಸಂಖ್ಯಾತರಿಗೆ ಸಿಕ್ಕದ್ದು ರಕ್ಷಣೆಗಳು. ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ಪರಿಹಾರಕ್ಕಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಮೊದಲೇ ಕೊಟ್ಟಿತ್ತು. 1956ರ ಏಳನೆಯ ತಿದ್ದುಪಡಿ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವನ್ನೂ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ಹುದ್ದೆಯನ್ನೂ ಸೇರಿಸಿತು. ಆ ವರ್ಷದ ಕೇಂದ್ರ ಸರ್ಕಾರದ ಜ್ಞಾಪಕಪತ್ರ ಮತ್ತು 1961ರ ಮುಖ್ಯಮಂತ್ರಿಗಳ ಸಮ್ಮೇಳನದ ಮೂಲಕ, ಒಂದು ಪ್ರದೇಶದ ಜನಸಂಖ್ಯೆಯಲ್ಲಿ ಶೇಕಡ 15ರಿಂದ 20ರಷ್ಟಿರುವ ಅಲ್ಪಸಂಖ್ಯಾತರ ಭಾಷೆಯಲ್ಲಿ ಮುಖ್ಯ ಪ್ರಕಟಣೆಗಳು ಹೊರಬರಬೇಕೆಂಬ ತತ್ತ್ವ ರೂಪುಗೊಂಡಿತು. ಆಂಧ್ರಪ್ರದೇಶದ 1966ರ ಅಧಿಕೃತ ಭಾಷಾ ಕಾಯ್ದೆಯೂ ತೆಲುಗಿನ ಜೊತೆಗೆ ಇತರ ಭಾಷೆಗಳನ್ನು ನಿರ್ದಿಷ್ಟ ಪ್ರದೇಶಗಳಲ್ಲಿ ಬಳಸಲು ಎಡೆಗೊಟ್ಟಿತು.

ಈ ರಕ್ಷಣೆಗಳ ಕಲ್ಪನೆಯ ಹಿಂದೆ ಇದ್ದದ್ದು ಕಾಗದ. ಅರ್ಜಿ ಪತ್ರವಾಗಿದ್ದಾಗ ಅದರ ಭಾಷೆಯ ಆಯ್ಕೆ ಬರೆಯುವವನ ಕೈಯಲ್ಲಿತ್ತು. ಅರ್ಜಿ ತೆರೆಯ ಮೇಲಿನ ನಮೂನೆಯಾದಾಗ ಆ ಆಯ್ಕೆ ನಮೂನೆ ರೂಪಿಸಿದವನ ಕೈಗೆ ಹೋಗುತ್ತದೆ. ಪಟ್ಟಿಯಲ್ಲಿ ಇಲ್ಲದ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ರದ್ದಾಗುವುದಿಲ್ಲ. ಅದನ್ನು ಚಲಾಯಿಸುವ ಜಾಗ ಇಲ್ಲವಾಗುತ್ತದೆ.

ಇದೇ ಕಾಲಘಟ್ಟದಲ್ಲಿ ಇನ್ನೊಂದು ಕೊಂಡಿಯೂ ಕಳಚಿತು. ಮೈಸೂರು ರಾಜ್ಯ 1961ರ ಕಾಯ್ದೆಯಿಂದ, ಆಂಧ್ರಪ್ರದೇಶ 1984ರಲ್ಲಿ, ಊರಿನ ಹಳೆಯ ಹುದ್ದೆಗಳನ್ನು ರದ್ದುಪಡಿಸಿದವು. ಜಾತಿಯ ಹಿಡಿತ ಮತ್ತು ದಬ್ಬಾಳಿಕೆಗೆ ದಾರಿಯಾಗಿದ್ದ ಆ ಪದ್ಧತಿ ಹೋದದ್ದು ನ್ಯಾಯವೇ. ಆದರೆ ತೆಲುಗಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ, ಗುಂಟೆಯನ್ನು ಸೆಂಟಿಗೆ ಬಾಯಿಲೆಕ್ಕದಲ್ಲಿ ತಿರುಗಿಸುವ ಕೆಲಸವೂ ಅದೇ ಮನುಷ್ಯನದಾಗಿತ್ತು. ಹುದ್ದೆಯ ಜಾಗಕ್ಕೆ ಬೇರೆ ಹುದ್ದೆ ಬಂತು. ಎರಡು ಭಾಷೆಗಳ ನಡುವಣ ಆ ಕೆಲಸವನ್ನು ಯಾರ ಕರ್ತವ್ಯವೆಂದೂ ಬರೆದಿಡಲಿಲ್ಲ.

ನೂರಿಪ್ಪತ್ತೆಂಟರ ಅಂತರ

ಗಣಕೀಕರಣದಲ್ಲಿ ಈ ಎರಡು ರಾಜ್ಯಗಳು ದೇಶಕ್ಕೇ ಮುಂಚೂಣಿಯಲ್ಲಿದ್ದವು. ಆಂಧ್ರಪ್ರದೇಶ 1998ರಲ್ಲಿ ನೋಂದಣಿ ಇಲಾಖೆಯನ್ನು ಗಣಕೀಕರಿಸಿತು. 2011ರಲ್ಲಿ ಮೀಸೇವಾ, 2015ರಲ್ಲಿ ಮೀಭೂಮಿ, 2019ರಲ್ಲಿ ಗ್ರಾಮ ಸಚಿವಾಲಯಗಳು ಬಂದವು. ಕರ್ನಾಟಕದ ಭೂಮಿ ಯೋಜನೆ ಈ ಶತಮಾನದ ಆರಂಭದಲ್ಲೇ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಎರಡೂ ತಮ್ಮ ತಮ್ಮ ರಾಜ್ಯಭಾಷೆಯಲ್ಲಿ ಸೇವೆ ಕೊಟ್ಟವು, ಅದು ಸಣ್ಣ ಸಾಧನೆಯಲ್ಲ. ರಾಜ್ಯದ ಗಡಿ ಮತ್ತು ಭಾಷೆಯ ಗಡಿ ಒಂದೇ ಎಂಬ ಊಹೆಯೂ ಅದರೊಡನೆಯೇ ಯಂತ್ರದೊಳಕ್ಕೆ ಇಳಿಯಿತು.

ಅಕ್ಷರಗಳ ಮಟ್ಟದಲ್ಲಿ ಮಾತ್ರ ಕಥೆ ಬೇರೆ. ಕನ್ನಡ ಮತ್ತು ತೆಲುಗು ಲಿಪಿಗಳು ಶತಮಾನಗಳ ಕಾಲ ಒಂದಾಗಿದ್ದು ನಿಧಾನವಾಗಿ ಕವಲೊಡೆದವು. ಭಾರತೀಯ ಸಂಕೇತ ಮಾನಕ ಇಸ್ಕಿ ಎಲ್ಲ ಭಾರತೀಯ ಲಿಪಿಗಳ ಸಮಾನ ಅಕ್ಷರಗಳಿಗೆ ಸಮಾನ ಸ್ಥಾನ ಕೊಟ್ಟಿತು; ಯೂನಿಕೋಡ್ ಆ ಜೋಡಣೆಯನ್ನೇ ಅನುಸರಿಸಿತು. ಅದರಲ್ಲಿ ತೆಲುಗಿನ ಕಕಾರದ ಸಂಖ್ಯೆ 3093, ಕನ್ನಡದ ಕಕಾರದ ಸಂಖ್ಯೆ 3221. ನಡುವಣ ಅಂತರ 128. ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ ಎಲ್ಲ ಅಕ್ಷರಗಳಿಗೂ ಇದೇ ಅಂತರ. ಒಂದು ಕೂಡುವ ಲೆಕ್ಕದಿಂದ ಇಡೀ ಅಡಂಗಲನ್ನು ಕನ್ನಡ ಲಿಪಿಯಲ್ಲಿ ತೋರಿಸಬಹುದು. ತಾಂತ್ರಿಕ ಸ್ತರ ಬಹುಮಟ್ಟಿಗೆ ಬಗೆಹರಿದಿದೆ ಎಂದದ್ದು ಈ ಅರ್ಥದಲ್ಲಿ.

ಲಿಪಿ ಬದಲಾದ ಮಾತ್ರಕ್ಕೆ ಪದ ಬದಲಾಗುವುದಿಲ್ಲ. ತೆಲುಗಿನ ‘ಕುರುವ’ ಕನ್ನಡ ಅಕ್ಷರದಲ್ಲೂ ‘ಕುರುವ’ನಾಗಿಯೇ ಉಳಿಯುತ್ತಾನೆ, ‘ಕುರುಬ’ನಾಗುವುದಿಲ್ಲ. ಆಂಧ್ರದ ದಾಖಲೆಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಈ ಸೀಮೆಯಲ್ಲಿ ಎಷ್ಟೋ ಕುಟುಂಬಗಳಿಗೆ ಜಾತಿಯ ಹೆಸರೇ ಆ ಜಾಗದಲ್ಲಿ ಕೂತಿದೆ. ಕೌತಾಳದ ‘ಕುರುವ ನಾಗಮ್ಮ’ ಸಿರುಗುಪ್ಪದ ಊರೊಂದಕ್ಕೆ ಸೊಸೆಯಾಗಿ ಹೋದಳೆಂದುಕೊಳ್ಳೋಣ. ಅಲ್ಲಿ ಆಕೆ ‘ನಾಗಮ್ಮ ಗಂಡ ಈರಪ್ಪ’. ಹೆಸರುಗಳನ್ನು ಅಕ್ಷರಶಃ ಹೋಲಿಸುವ ತಂತ್ರಾಂಶಕ್ಕೆ ಇವರು ಇಬ್ಬರು ಹೆಂಗಸರು. ತವರಿನ ಹೊಲದಲ್ಲಿ ಆಕೆಗಿರುವ ಪಾಲು, ಅದರ ಅಳತೆ, ಆಕೆಯ ಗುರುತು ಎಲ್ಲಕ್ಕೂ ಅರ್ಥದ ಸ್ತರದಲ್ಲಿ ಅನುವಾದ ಬೇಕು.

ಅನುವಾದಕ್ಕೆ ಒಗ್ಗದ ಪದಗಳೂ ಇವೆ. ಕರ್ನಾಟಕದಲ್ಲಿ ನಾಯಕ ಸಮುದಾಯದ ಜೊತೆಗೆ ಬೇಡ, ವಾಲ್ಮೀಕಿ ಎಂಬ ಹೆಸರುಗಳು 1991ರ ತಿದ್ದುಪಡಿಯಿಂದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿವೆ. ಅದೇ ಬಳಗದ ಬೋಯರು ಆದವಾನಿಯಲ್ಲಿ ಹಿಂದುಳಿದ ವರ್ಗ. ಆಂಧ್ರದ ಪಟ್ಟಿ ವಾಲ್ಮೀಕಿಗಳನ್ನು ಏಜೆನ್ಸಿ ಪ್ರದೇಶಗಳಲ್ಲಿ ಮಾತ್ರ ಪಂಗಡವೆಂದು ಗುರುತಿಸುತ್ತದೆ. ಈ ಭೇದ ತೊಲಗಿಸಲು ಆಂಧ್ರ ವಿಧಾನಸಭೆ 2023ರಲ್ಲಿ ನಿರ್ಣಯ ಕೈಗೊಂಡಿತು. ಒಂದು ರಾಜ್ಯದ ಪಟ್ಟಿಯಲ್ಲಿನ ಸ್ಥಾನ ವಲಸೆ ಹೋದವರೊಡನೆ ಇನ್ನೊಂದು ರಾಜ್ಯಕ್ಕೆ ಹೋಗದು ಎಂದು ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ 1990ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 371ಜೆ ವಿಧಿಯ ಸ್ಥಳೀಯ ಮೀಸಲಾತಿ ಸಿರುಗುಪ್ಪದ ವಿದ್ಯಾರ್ಥಿಗೆ ಉಂಟು, ಒಂದು ಕಾಲಕ್ಕೆ ಅದೇ ಜಿಲ್ಲೆಯದಾಗಿದ್ದ ಆದವಾನಿಯಲ್ಲೇ ಹುಟ್ಟಿ ಬೆಳೆದ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇಲ್ಲ. ಇವು ತಂತ್ರಾಂಶದ ದೋಷಗಳಲ್ಲ. ಇವನ್ನು ತಂತ್ರಾಂಶ ಸರಿಪಡಿಸುತ್ತದೆಂಬ ಭರವಸೆ ಕೊಡುವುದು ಮಾತ್ರ ದೋಷ.

ದಾಟಿದ ಒಂದು ಚೀಟಿ

ದಾಟಿ ಬಂದ ಸೇವೆಯೊಂದಿದೆ: ಪಡಿತರ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಡಿ 2020ರ ಜನವರಿಯಿಂದ ಆಂಧ್ರಪ್ರದೇಶ, ಕರ್ನಾಟಕ ಸೇರಿದಂತೆ 12 ರಾಜ್ಯಗಳ ನಡುವೆ ಚೀಟಿ ಸಲ್ಲತೊಡಗಿತು. ಹೊಲಗೆಲಸಕ್ಕೂ ಕಟ್ಟಡ ಕೆಲಸಕ್ಕೂ ಬಳ್ಳಾರಿ, ಬೆಂಗಳೂರುಗಳಿಗೆ ಗುಳೆ ಹೋಗುವ ಈ ಸೀಮೆಯವರಿಗೆ ಅದರ ಬೆಲೆ ವಿವರಿಸಬೇಕಿಲ್ಲ. ಅದು ಸಾಧ್ಯವಾದದ್ದು 2013ರ ಆಹಾರ ಭದ್ರತಾ ಕಾಯ್ದೆಯಿಂದ ಹಕ್ಕುದಾರನ ವರ್ಗ ಮತ್ತು ಧಾನ್ಯದ ಅಳತೆ ದೇಶಕ್ಕೆಲ್ಲ ಒಂದೇ ಆಗಿದ್ದರಿಂದ. ಕ್ಯೂಸೆಕ್ ದಾಟಿದ ಕಾರಣಕ್ಕೇ ಕಿಲೋ ಕೂಡ ದಾಟಿತು. ಆದರೆ ಚೀಟಿಯ ಮಾದರಿ ನಮೂನೆ ಸ್ಥಳೀಯ ಭಾಷೆಯೊಡನೆ ಹಿಂದಿ ಅಥವಾ ಇಂಗ್ಲಿಷನ್ನು ಹೇಳುತ್ತದೆ. ಸ್ಥಳೀಯ ಎಂದರೆ ರಾಜ್ಯಭಾಷೆ ಎಂದೇ ಓದಿದರೆ ಕೌತಾಳದ ಸ್ಥಳೀಯ ಭಾಷೆ ಸ್ಥಳೀಯವಾಗುವುದಿಲ್ಲ.

ಭಾಷೆಯ ಹಕ್ಕು ಗಡಿ ದಾಟಿದ ನಿದರ್ಶನಕ್ಕೆ ನಾರ್ಡಿಕ್ ದೇಶಗಳನ್ನು ನೋಡಬೇಕು. 1981ರಲ್ಲಿ ಸಹಿಯಾಗಿ 1987ರಲ್ಲಿ ಜಾರಿಗೆ ಬಂದ ಅಲ್ಲಿನ ಭಾಷಾ ಒಡಂಬಡಿಕೆ, ಒಂದು ದೇಶದ ಪ್ರಜೆ ಇನ್ನೊಂದು ದೇಶದ ಕಚೇರಿಯಲ್ಲಿ ತನ್ನ ಭಾಷೆ ಬಳಸಲು ಅವಕಾಶ ಕೊಡುತ್ತದೆ. ಫಿನ್ಲೆಂಡ್ ಮತ್ತು ಎಸ್ಟೋನಿಯಾ 2018ರಲ್ಲಿ ತಮ್ಮ ದತ್ತಾಂಶ ವಿನಿಮಯ ಜಾಲಗಳನ್ನು ಜೋಡಿಸುವ ಮೊದಲೇ ಅದಕ್ಕಾಗಿ ಜಂಟಿ ಸಂಸ್ಥೆಯೊಂದನ್ನು ಕಟ್ಟಿಕೊಂಡಿದ್ದವು. ಒಡಂಬಡಿಕೆ ಮತ್ತು ಸಂಸ್ಥೆ ಮುಂದೆ, ತಂತಿ ಹಿಂದೆ. ತುಂಗಭದ್ರೆಯಲ್ಲಿ ನಾವು ಕಂಡ ಕ್ರಮವೂ ಇದೇ.

ಆದವಾನಿ ಸೀಮೆಗೆ ಬೇಕಾದ ಯೋಜನೆಯ ಮೊದಲ ಹೆಜ್ಜೆಗಳು ದುಬಾರಿಯೇನಲ್ಲ. ವಿಸ್ತೀರ್ಣದ ಅಂಕೆಯ ಪಕ್ಕದಲ್ಲಿ ಸೆಂಟು ಅಥವಾ ಗುಂಟೆ ಎಂಬ ಪದ ಕಡ್ಡಾಯವಾಗಬೇಕು. ಗಡಿ ಮಂಡಲಗಳ ಸೇವೆಗಳಲ್ಲಿ ಕನ್ನಡ ಒಂದು ಆಯ್ಕೆಯಾಗಿ ಕಾಣಬೇಕು. 1966ರ ಕಾಯ್ದೆ ಅದಕ್ಕೆ ಅಡ್ಡಿಯಲ್ಲ. ಊರು, ಮನೆತನ, ಸಮುದಾಯಗಳ ಹೆಸರುಗಳಿಗೆ ಎರಡೂ ರಾಜ್ಯಗಳು ಒಪ್ಪಿದ ಸಮಾನಪದಗಳ ಪಟ್ಟಿ ಬೇಕು. ಅದು ನಮ್ಮಂತಹ ದ್ವಿಭಾಷಾ ಸಂಶೋಧಕರು ಮಾಡಬೇಕಾದ ಕೆಲಸ. ಇವೆಲ್ಲವನ್ನೂ ನೋಡಿಕೊಳ್ಳಲು ಶಾಸನದ ಬಲವಿರುವ ಜಂಟಿ ಸಮಿತಿಯೊಂದಿರಬೇಕು. ಕಾನೂನಿನ ಭೇದ ಉಳಿದಿರುವಲ್ಲಿ ‘ಈ ಪ್ರಮಾಣಪತ್ರ ಇಲ್ಲಿ ಸಲ್ಲದು, ಕಾರಣ ಇದು’ ಎಂದು ಕನ್ನಡದಲ್ಲಿ ತಿಳಿಸುವ ಪ್ರಾಮಾಣಿಕತೆಯಾದರೂ ಇರಬೇಕು. ನಾಗಮ್ಮನಂಥವಳು ತವರಿನ 3.20ರ ಪ್ರತಿ ಹಿಡಿದು ಸಿರುಗುಪ್ಪದ ಕಚೇರಿಯ ಮುಂದೆ ನಿಂತಾಗ ಆಕೆಗೆ ಬೇಕಾಗುವುದು ಇಷ್ಟೇ: ಆ ಹೊಲ ಎಷ್ಟು, ಅದು ಯಾರದು ಎಂಬುದು ಗಡಿಯ ಎರಡೂ ಕಡೆ ಒಂದೇ ಅರ್ಥದಲ್ಲಿ ಓದಿಸಿಕೊಳ್ಳಬೇಕು.