ಒರಿಜೆನನೂ ಅವನ ಅಂತೇವಾಸಿಗಳೂ

ನಮ್ಮ ಅಧ್ಯಯನಪರಂಪರೆಯಲ್ಲಿ ಶಿಷ್ಯನಿಗೆ ‘ಅಂತೇವಾಸಿ’ ಎಂದು ಹೆಸರು. ಗುರುವಿನ ಸಮೀಪದಲ್ಲಿ ವಾಸಿಸುವವನು ಎಂದು ಅದರ ಅರ್ಥ. ವಿದ್ಯೆಯು ಉಪದೇಶವಾಕ್ಯಗಳಿಂದ ಮಾತ್ರ ಬರತಕ್ಕದ್ದಲ್ಲ, ಗುರುವಿನ ನಡೆಯನ್ನು ಹತ್ತಿರದಿಂದ ಕಂಡು ಬರತಕ್ಕದ್ದು ಎಂಬ ಅಭಿಪ್ರಾಯವು ಈ ಶಬ್ದದಲ್ಲಿ ಅಡಗಿದೆ. ಕ್ರಿಸ್ತಶಕ ಮೂರನೆಯ ಶತಮಾನದ ಆದಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದ ಕೆಲವು ಕ್ರೈಸ್ತ ತರುಣರು ಪ್ರಾಣಸಂಕಟದಲ್ಲಿಯೂ ತಮ್ಮ ಶ್ರದ್ಧೆಯನ್ನು ಬಿಡದೆ ನಿಂತರು. ಆ ವೃತ್ತಾಂತದಲ್ಲಿ ಈ ಶಬ್ದಾರ್ಥಕ್ಕೆ ಅನ್ಯದೇಶದ ನಿದರ್ಶನವೊಂದು ದೊರೆಯುತ್ತದೆ.

ಅಲೆಕ್ಸಾಂಡ್ರಿಯವು ಭಾರತದ ಪಡುವಣ ಕರಾವಳಿಯೊಡನೆ ವ್ಯಾಪಾರವಿದ್ದ ಪಟ್ಟಣ. ಅಲ್ಲಿಯ ಕ್ರೈಸ್ತ ಪಾಠಶಾಲೆಯ ಮುಖ್ಯನಾಗಿದ್ದ ಪಂಟೀನಸನು ಭಾರತದವರೆಗೂ ಬಂದಿದ್ದನೆಂದು ಪ್ರತೀತಿಯುಂಟು. ಅವನ ಬಳಿಕ ಕ್ಲೆಮೆಂಟನೂ ತರುವಾಯ ಒರಿಜೆನನೂ ಆ ಪೀಠವನ್ನು ವಹಿಸಿದರು. ಒರಿಜೆನನ ಚರಿತ್ರೆಗೆ ಮುಖ್ಯಾಧಾರವು ಯೂಸೀಬಿಯಸನು ರಚಿಸಿದ ಸಭಾಚರಿತ್ರೆಯ ಆರನೆಯ ಸ್ಕಂಧ. ಅದು ಈ ಸಂಗತಿಗಳು ನಡೆದು ಸುಮಾರು ನೂರು ವರ್ಷಗಳ ಮೇಲೆ ಬರೆದುದು. ಬರೆದವನು ಒರಿಜೆನನಲ್ಲಿ ಪರಮಭಕ್ತಿಯುಳ್ಳವನು. ಆದಕಾರಣ ಅದರ ಪ್ರಶಂಸೆಯನ್ನು ಎಚ್ಚರಿಕೆಯಿಂದ ಸ್ವೀಕರಿಸಬೇಕು. ಆದರೂ ಒರಿಜೆನನ ನೂರಕ್ಕೆ ಮಿಕ್ಕ ಪತ್ರಗಳನ್ನು ಸಂಗ್ರಹಿಸಿದ್ದವನು ಅವನೇ ಆದುದರಿಂದ ಆ ಗ್ರಂಥವನ್ನು ಉಪೇಕ್ಷಿಸುವಂತಿಲ್ಲ.

ಕ್ರಿ.ಶ. ೨೦೨ರಲ್ಲಿ, ಸೆವೆರಸ್ ಚಕ್ರವರ್ತಿಯ ಆಳಿಕೆಯ ಹತ್ತನೆಯ ವರ್ಷದಲ್ಲಿ, ಒರಿಜೆನನ ತಂದೆ ಲಿಯೋನಿಡೀಸನಿಗೆ ಶಿರಚ್ಛೇದವಾಯಿತು. ಮಗನಿಗೆ ಆಗ ಹದಿನೇಳು ತುಂಬಿರಲಿಲ್ಲ. ತಾನೂ ರಕ್ತಸಾಕ್ಷಿಯಾಗಬೇಕೆಂದು ಹೊರಟವನನ್ನು ತಾಯಿಯು ಉಡುಪುಗಳನ್ನು ಬಚ್ಚಿಟ್ಟು ತಡೆದಳು. ಆಗ ಅವನು ತಂದೆಗೆ ಓಲೆಯನ್ನು ಬರೆದು, ತಮ್ಮ ಸಲುವಾಗಿ ಮನಸ್ಸನ್ನು ಬದಲಿಸಬಾರದೆಂದು ಬೇಡಿಕೊಂಡನು. ಆಸ್ತಿಯೆಲ್ಲ ರಾಜಭಂಡಾರಕ್ಕೆ ಸೇರಿತು. ತಾಯಿಯೂ ಆರು ಮಂದಿ ತಮ್ಮಂದಿರೂ ನಿರ್ಗತಿಕರಾಗಲು, ಅವನು ವ್ಯಾಕರಣವನ್ನು ಕಲಿಸಿ ಜೀವಿಸತೊಡಗಿದನು.

ಆ ಭಯದ ದಿನಗಳಲ್ಲಿ ಧರ್ಮಬೋಧೆಗೆ ಯಾರೂ ಉಳಿದಿರಲಿಲ್ಲ. ಕ್ಲೆಮೆಂಟನೂ ಆ ಕಾಲದಲ್ಲಿಯೇ ನಗರವನ್ನು ಬಿಟ್ಟನು. ಅನ್ಯಮತೀಯರಾದ ಕೆಲವರು ತಾವಾಗಿಯೇ ಒರಿಜೆನನ ಬಳಿಗೆ ಬಂದು ಕಲಿಸಬೇಕೆಂದು ಕೇಳಿದರು. ಅವರಲ್ಲಿ ಮೊದಲಿಗನು ಪ್ಲುಟಾರ್ಕನು. ಪ್ರಸಿದ್ಧ ಜೀವನಚರಿತ್ರಕಾರನಾದ ಪ್ಲುಟಾರ್ಕನು ಬೇರೆ, ಇವನು ಬೇರೆ. ಎರಡನೆಯವನು ಇವನ ಸೋದರ ಹೆರಾಕ್ಲಾಸ್. ಹೀಗೆ ಒರಿಜೆನನು ಹದಿನೆಂಟನೆಯ ವಯಸ್ಸಿನಲ್ಲಿ ಪಾಠಶಾಲೆಯ ಗುರುವಾದನು. ಶಿಷ್ಯರಲ್ಲಿ ಪ್ಲುಟಾರ್ಕನೂ ಸೆರೆನಸನೂ ಹೆರಾಕ್ಲಿಡೀಸನೂ ಹೆರೋನನೂ ಮತ್ತೊಬ್ಬ ಸೆರೆನಸನೂ ಹೆರಾಯಿಸಳೆಂಬ ಸ್ತ್ರೀಯೂ ಮರಣದಂಡನೆಗೆ ಗುರಿಯಾದರು. ಬೆಸಿಲಿಡೀಸನೆಂಬ ಸೈನಿಕನನ್ನು ಕೂಡಿಸಿ ಏಳು ಮಂದಿಯೆಂದು ಯೂಸೀಬಿಯಸನ ಗಣನೆ.

ಪ್ಲುಟಾರ್ಕನ ಸಾವಿಗೆ ಒರಿಜೆನನೇ ಕಾರಣನೆಂದು ನಗರವಾಸಿಗಳು ರೋಷಗೊಂಡು ಅವನನ್ನು ಕೊಲ್ಲುವುದರಲ್ಲಿದ್ದರು. ಈ ಆಕ್ಷೇಪವು ಸಾಮಾನ್ಯವಾದುದಲ್ಲ. ಎಳೆಯರನ್ನು ಅಪಾಯದ ದಾರಿಗೆ ಹಚ್ಚಿ ಗುರುವು ತಾನು ಮಾತ್ರ ಬದುಕಿಕೊಂಡನೇ ಎಂಬ ಪ್ರಶ್ನೆಯನ್ನು ಚರಿತ್ರಕಾರನು ಎದುರಿಸಲೇಬೇಕು. ಸೆವೆರಸನು ಕ್ರೈಸ್ತಮತಕ್ಕೆ ಹೊಸದಾಗಿ ಸೇರುವುದನ್ನು ನಿಷೇಧಿಸಿದನೆಂದು ಒಂದು ರೋಮನ್ ಗ್ರಂಥವು ಹೇಳುತ್ತದೆ. ಆ ಗ್ರಂಥದ ಪ್ರಾಮಾಣ್ಯದಲ್ಲಿ ವಿದ್ವಾಂಸರಿಗೆ ಸಂದೇಹವುಂಟು. ಆದರೆ ಮಡಿದವರಲ್ಲಿ ಹೆರಾಕ್ಲಿಡೀಸನೂ ಹೆರಾಯಿಸಳೂ ಇನ್ನೂ ದೀಕ್ಷಾಸ್ನಾನವಾಗದವರು, ಹೆರೋನನು ಆಗತಾನೆ ದೀಕ್ಷೆ ಹೊಂದಿದವನು. ಇದನ್ನು ನೋಡಿದರೆ, ಹುಟ್ಟು ಕ್ರೈಸ್ತನಾದ ಗುರುವಿಗಿಂತ ಹೊಸಬರಾದ ಶಿಷ್ಯರಿಗೆ ಅಪಾಯವು ಹೆಚ್ಚಾಗಿದ್ದಿರಬಹುದೆಂದು ಊಹಿಸಲು ಅವಕಾಶವಿದೆ. ಅದು ಹೇಗೇ ಇರಲಿ, ಒರಿಜೆನನು ದೂರದಲ್ಲಿ ಕುಳಿತು ಧೈರ್ಯವನ್ನು ಬೋಧಿಸಿದವನಲ್ಲ. ಸೆರೆಮನೆಗೂ ನ್ಯಾಯಸ್ಥಾನಕ್ಕೂ ಕಡೆಗೆ ವಧ್ಯಸ್ಥಾನದ ಹಾದಿಗೂ ಅವರ ಜತೆಯಲ್ಲಿಯೇ ಹೋದನು. ಎಲ್ಲರ ಕಣ್ಣೆದುರಿಗೆ ಅವರನ್ನು ಮುದ್ದಿಟ್ಟು ಬೀಳ್ಕೊಟ್ಟನು. ಅದಕ್ಕಾಗಿ ಕಲ್ಲೇಟಿಗೂ ಸಿಕ್ಕುವುದರಲ್ಲಿದ್ದನು. ತನ್ನ ಪ್ರಾಚೀನ ಸಾಹಿತ್ಯಗ್ರಂಥಗಳನ್ನು ಮಾರಿ, ದಿನಕ್ಕೆ ನಾಲ್ಕು ಓಬೋಲ್ ನಾಣ್ಯಗಳ ಬೆಲೆಗೆ ಒಪ್ಪಿ, ನೆಲದ ಮೇಲೆ ಮಲಗಿ, ಬರಿಗಾಲಿನಲ್ಲಿ ನಡೆದು ಬಾಳಿದನು. ಶಿಷ್ಯರು ಕಂಡುದು ಈ ನಡೆಯನ್ನು.

ಸಾಹಚರ್ಯವೊಂದೇ ಸಾಲದು, ಬೋಧನಕ್ರಮವೂ ವಿಚಾರಾರ್ಹವಾದುದು. ೨೩೦ರ ದಶಕದಲ್ಲಿ ಪ್ಯಾಲೆಸ್ತೀನದ ಸಿಸೇರಿಯದಲ್ಲಿ ಒರಿಜೆನನ ಬಳಿ ಓದಿದ ಶಿಷ್ಯನೊಬ್ಬನ ವಿದಾಯಭಾಷಣವು ಗ್ರೆಗೋರಿಯ ಹೆಸರಿನಲ್ಲಿ ಉಳಿದುಬಂದಿದೆ. ರೈತನು ಕಳೆಯನ್ನು ಕಿತ್ತು ಹೊಲವನ್ನು ಹಸನು ಮಾಡುವಂತೆ ಗುರುವು ಪ್ರಶ್ನೆಗಳಿಂದ ತಮ್ಮ ಬುದ್ಧಿಯನ್ನು ಶೋಧಿಸಿದನೆಂದು ಅದರಲ್ಲಿ ವರ್ಣನೆಯಿದೆ. ತರ್ಕ, ಪ್ರಕೃತಿಶಾಸ್ತ್ರ, ರೇಖಾಗಣಿತ, ಜ್ಯೋತಿಷ, ನೀತಿಶಾಸ್ತ್ರಗಳಾದ ಮೇಲೆ ವೇದಶಾಸ್ತ್ರದ ಪಾಠ. ನಿರೀಶ್ವರವಾದಿಗಳನ್ನುಳಿದು ಸಕಲ ದಾರ್ಶನಿಕರ ಗ್ರಂಥಗಳ ಪರಿಚಯ. ಪರಮತವನ್ನು ಕೇಳಿಯೇ ಅರಿಯದವನ ದಾರ್ಢ್ಯವು ಮೊದಲನೆಯ ಪೂರ್ವಪಕ್ಷಕ್ಕೇ ಅಲುಗುವುದು. ಪೂರ್ವಪಕ್ಷವನ್ನು ಕ್ರಮವಾಗಿ ಓದಿಸಿ ಸಿದ್ಧಾಂತದಲ್ಲಿ ನಿಲ್ಲಿಸುವ ಈ ರೀತಿಯು ನಮ್ಮ ಶಾಸ್ತ್ರಪಾಠಿಗಳಿಗೆ ಅಪರಿಚಿತವಾದುದಲ್ಲ.

ದೃಢತೆಯೆಂದರೆ ಸಾಹಸವಲ್ಲವೆಂಬುದನ್ನೂ ವಯಸ್ಸು ಅವನಿಗೆ ಕಲಿಸಿತು. ೨೩೫ರಲ್ಲಿ ಮ್ಯಾಕ್ಸಿಮಿನಸನ ಕಾಲದ ಹಿಂಸೆ ಬಂದಾಗ ಆಂಬ್ರೋಸ್, ಪ್ರೊಟೊಕ್ಟೀಟಸರಿಗೆ ಧೈರ್ಯ ಹೇಳಿ ಗ್ರಂಥವನ್ನೇ ಬರೆದ ಒರಿಜೆನನು, ಯೋಹಾನನ ಸುವಾರ್ತೆಯ ವ್ಯಾಖ್ಯಾನದಲ್ಲಿ, ಅಪಾಯವನ್ನು ತಾನಾಗಿ ಮೈಮೇಲೆ ಎಳೆದುಕೊಳ್ಳಬಾರದೆಂದೂ ತೊಲಗಿಹೋಗುವುದು ಅನುಚಿತವಲ್ಲವೆಂದೂ ಅಭಿಪ್ರಾಯಪಟ್ಟನು. ತಾಯಿ ಉಡುಪನ್ನು ಬಚ್ಚಿಟ್ಟ ಹುಡುಗನ ಮಾತಲ್ಲ ಇದು. ಶಿಷ್ಯರನ್ನು ಕಳೆದುಕೊಂಡ ಗುರುವಿನ ಮಾತು.

೨೫೦ರಲ್ಲಿ ಡೀಸಿಯಸನ ಆಜ್ಞೆಯಿಂದ ಒರಿಜೆನನೇ ಸೆರೆಗೆ ಬಿದ್ದನು. ಅರುವತ್ತು ದಾಟಿದ ಮುದುಕನ ಕೊರಳಿಗೆ ಕಬ್ಬಿಣದ ಬಳೆಯನ್ನು ತೊಡಿಸಿ, ಕಾಲುಗಳನ್ನು ಕೋಳದ ನಾಲ್ಕನೆಯ ರಂಧ್ರದವರೆಗೆ ಹಿಗ್ಗಿಸಿದರು. ಅವನು ಮಣಿಯಲಿಲ್ಲ; ಅವನ ಪ್ರಾಣವನ್ನೂ ಅವರು ತೆಗೆಯಲಿಲ್ಲ. ಬಿಡುಗಡೆಯಾದ ಮೇಲೆ ಎದೆಗುಂದಿದವರಿಗೆ ಸಮಾಧಾನದ ಮಾತುಗಳನ್ನು ಬರೆದು ಕಳುಹಿಸುತ್ತಿದ್ದು, ಕೆಲವು ವರ್ಷಗಳಲ್ಲಿಯೇ ತೀರಿಕೊಂಡನು. ಅವನ ಶಿಷ್ಯನೂ ಆಗ ಅಲೆಕ್ಸಾಂಡ್ರಿಯದ ಬಿಷಪನೂ ಆಗಿದ್ದ ಡಯೊನೀಸಿಯಸನು ರಕ್ತಸಾಕ್ಷ್ಯವನ್ನು ಕುರಿತು ಒರಿಜೆನನಿಗೇ ಪತ್ರವೊಂದನ್ನು ಬರೆದನೆಂದು ಯೂಸೀಬಿಯಸನು ದಾಖಲಿಸಿದ್ದಾನೆ. ಬಾಲ್ಯದಲ್ಲಿ ಸೆರೆಯಲ್ಲಿದ್ದ ತಂದೆಗೆ ಓಲೆ ಬರೆದವನಿಗೆ ವಾರ್ಧಕದಲ್ಲಿ ಶಿಷ್ಯನಿಂದ ಅಂಥದೇ ಓಲೆ ಬಂದಿತು.