ಊರ ಬಾವಿಯ ಮೇಲೊಂದು ಪ್ರಕಲ್ಪ: 9ರಿಂದ 12ನೇ ಇಯತ್ತೆಯವರಿಗೆ ಮಾಹಿತಿ

ವಿದ್ಯಾರ್ಥಿ ಒಂದು ಪ್ರಶ್ನೆಯನ್ನು ತಾನೇ ಆರಿಸಿಕೊಂಡು, ತಾನೇ ಅಳೆದು, ನಾಲ್ಕು ಜನರನ್ನು ಕೇಳಿ ಉತ್ತರ ಹುಡುಕುವುದಕ್ಕೆ ಸ್ವತಂತ್ರ ಸಂಶೋಧನಾ ಪ್ರಕಲ್ಪ ಎನ್ನುತ್ತಾರೆ. ಕರ್ನಾಟಕದ ಶಾಲೆಗಳಲ್ಲಿ ಇದಕ್ಕೆ ಯೋಜನಾ ಕಾರ್ಯ ಎಂಬ ಹೆಸರಿದೆ. ಸೊಲ್ಲಾಪುರ, ಅಕ್ಕಲಕೋಟ ಕಡೆಯ ನಮಗೆ ಮರಾಠಿಯ 'ಪ್ರಕಲ್ಪ' ಶಬ್ದವೇ ರೂಢಿ.

ಮಹಾರಾಷ್ಟ್ರದಲ್ಲಿ 9 ಮತ್ತು 10ನೇ ಇಯತ್ತೆಗೆ 'ಜಲಸುರಕ್ಷಾ', 11 ಮತ್ತು 12ನೇ ಇಯತ್ತೆಗೆ 'ಪರಿಸರ ಶಿಕ್ಷಣ ಮತ್ತು ಜಲಸುರಕ್ಷಾ' ವಿಷಯವಿದೆ. ಇವುಗಳಲ್ಲಿ ಪ್ರಕಲ್ಪ ಮಾಡಬೇಕಾಗುತ್ತದೆ. ಬಹುತೇಕ ಫೈಲುಗಳು ಇಂಟರ್‌ನೆಟ್‌ನಿಂದ ಇಳಿಸಿದವು ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಮಂಗಳವೇಢೆ ತಾಲೂಕಿನ ನಂದೇಶ್ವರದಂಥ ಬರದ ಸೀಮೆಯ ಹುಡುಗ ಅಮೆಜಾನ್ ಕಾಡಿನ ಬಗ್ಗೆ ಇಪ್ಪತ್ತು ಪುಟ ನಕಲು ಮಾಡುತ್ತಾನೆ. ಮನೆ ಹಿಂದಿನ ಬಾವಿಯಲ್ಲಿ ಎಷ್ಟು ಅಡಿ ನೀರಿದೆ ಎಂದು ಕೇಳಿದರೆ ಉತ್ತರವಿಲ್ಲ.

ಆ ಬಾವಿಯನ್ನೇ ತೆಗೆದುಕೊಳ್ಳೋಣ. ನಮ್ಮ ನೆಲದಡಿ ಇರುವುದು ಬಸಾಲ್ಟ್ ಎಂಬ ಕರಿಗಲ್ಲು. ನೀರು ಅದರ ಬಿರುಕುಗಳಲ್ಲಿ ಮತ್ತು ಮೇಲಿನ ಮೆತ್ತಗಾದ ಪದರಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಒಂದೇ ಊರಿನ ಎರಡು ಬಾವಿಗಳ ನೀರಿನ ಮಟ್ಟ ಬೇರೆ ಬೇರೆ ಇರಬಹುದು. ರಾಜ್ಯದ ಭೂಜಲ ಇಲಾಖೆಯವರು ಆಯ್ದ ನಿರೀಕ್ಷಣ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ, ಅಂದರೆ ಅಕ್ಟೋಬರ್, ಜನವರಿ, ಮಾರ್ಚ್ ಮತ್ತು ಮೇ ತಿಂಗಳಲ್ಲಿ ಅಳೆಯುತ್ತಾರೆ. ವಾರಕ್ಕೊಮ್ಮೆ ಅಳೆಯುವ ವಿದ್ಯಾರ್ಥಿಯ ಹತ್ತಿರ ವರ್ಷದ ಕೊನೆಗೆ 52 ಅಂಕಿಗಳಿರುತ್ತವೆ.

ಸಾಮಾನು ಹೆಚ್ಚು ಬೇಡ. ಹಗ್ಗಕ್ಕೆ ಒಂದು ಭಾರ ಕಟ್ಟಿ, ಬಾವಿಯ ಕಟ್ಟೆಯ ಮೇಲೆ ಬಣ್ಣದಿಂದ ಗುರುತು ಮಾಡಿ, ಪ್ರತಿ ಸಲ ಅದೇ ಗುರುತಿನಿಂದ ಅಳೆಯಬೇಕು. ಮೋಟರ್ ಚಾಲೂ ಮಾಡುವ ಮುಂಚೆ, ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆಯುವುದು ಮುಖ್ಯ, ಇಲ್ಲದಿದ್ದರೆ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ. ಹಿಂದಿನ ದಿನ ಎಷ್ಟು ತಾಸು ಮೋಟರ್ ನಡೆಯಿತು ಎಂದೂ ಬರೆದಿಡಿ. ಕಟ್ಟೆಯಿಲ್ಲದ ಹಳೆ ಬಾವಿಗೆ ಒಬ್ಬರೇ ಹೋಗಬೇಡಿ, ದೊಡ್ಡವರು ಜೊತೆಗಿರಲಿ.

ಮಳೆ ಅಳೆಯಲು ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಡಬ್ಬಿ ಸಾಕು. ಅದರಲ್ಲಿ ನಿಂತ ನೀರಿನ ಎತ್ತರವೇ ಮಳೆಯ ಮಿಲಿಮೀಟರ್. 50 ಚದರ ಮೀಟರ್ ಮಾಳಿಗೆಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್ ನೀರಾಯಿತು. ಈ ಲೆಕ್ಕವನ್ನು ಮನೆಯಲ್ಲಿ ಹೇಳಿ ನೋಡಿ, ಅಜ್ಜನೂ ಕಿವಿಗೊಡುತ್ತಾನೆ.

ಇನ್ನು ಪ್ರಶ್ನೆ. 'ನೀರಿನ ಮಹತ್ವ' ಎಂಬುದು ಪ್ರಶ್ನೆಯಲ್ಲ, ನಿಬಂಧದ ತಲೆಬರಹ. 'ಹಳ್ಳದ ಬಂಧಾರೆಯ ಹತ್ತಿರದ ಬಾವಿ ಮತ್ತು ದೂರದ ಬಾವಿ, ಯಾವುದು ಎಷ್ಟು ವಾರ ಮುಂಚೆ ಬತ್ತುತ್ತದೆ?' ಎಂಬುದು ಪ್ರಶ್ನೆ. ಎರಡೂ ಒಟ್ಟಿಗೇ ಬತ್ತಿದರೆ ಅದೂ ಒಂದು ಫಲಿತಾಂಶವೇ, ಇದ್ದಂತೆ ಬರೆಯಿರಿ. ನೀರು ಬೇಡವೆಂದರೆ ಜೋಳವಿದೆ. ಮಂಗಳವೇಢೆ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಮಾಲದಂಡಿಯ ಎಂ 35-1 ತಳಿಯನ್ನು ಆಯ್ದದ್ದು ಇದೇ ಜಿಲ್ಲೆಯ ಮೋಹೋಳದಲ್ಲಿ. ನಿಮ್ಮ ಓಣಿಯಲ್ಲಿ ಎಷ್ಟು ಮನೆಯವರು ಇನ್ನೂ ಮನೆಯ ಬೀಜವನ್ನೇ ಬಿತ್ತುತ್ತಾರೆ?

ಭಾಷೆಯ ತೊಡಕು ಗಡಿಯ ಮಕ್ಕಳಿಗೆ ನಿಜವಾಗಿಯೂ ಇದೆ. ಹತ್ತರವರೆಗೆ ಕನ್ನಡದಲ್ಲಿ ಕಲಿತವರು ಜ್ಯೂನಿಯರ್ ಕಾಲೇಜಿನಲ್ಲಿ ಮರಾಠಿ ಇಲ್ಲವೇ ಇಂಗ್ಲಿಷ್‌ನಲ್ಲಿ ಬರೆಯಬೇಕಾಗುತ್ತದೆ. ಆದರೆ ಹಿರಿಯರು ಹೇಳುವುದು ಎರಿ, ಮಸಾರಿ, ಮರಡಿ ಎಂಬ ಮಾತುಗಳಲ್ಲಿ. ಅವನ್ನು ಹಾಗೆಯೇ ಕನ್ನಡದಲ್ಲಿ ವಹಿಯಲ್ಲಿ ಬರೆದುಕೊಂಡು, ವರದಿಯ ಕೊನೆಗೆ ಎರಡೂ ಭಾಷೆಯ ಶಬ್ದಪಟ್ಟಿ ಕೊಡುವುದು ಒಳ್ಳೆಯದು. 'ಮಸಾರಿ' ಬರೀ 'ಜಮೀನ' ಎಂದಾದರೆ ಮಣ್ಣಿನ ಗುಣವೇ ವರದಿಯಿಂದ ಹೋದಂತೆ.

ಶಾಲೆಯ ಆಚೆಗೂ ದಾರಿಗಳಿವೆ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದವರಿಗಾಗಿ ಇದೆ. ಅಲ್ಲಿ ಸ್ಥಳೀಯ ಸಮಸ್ಯೆಗೇ ಬೆಲೆ, ಕನ್ನಡದಲ್ಲಿಯೂ ಮಂಡಿಸಬಹುದು, ಶಾಲೆ ಬಿಟ್ಟ ಮಕ್ಕಳಿಗೂ ಅವಕಾಶವಿದೆ. ದಿನಚರಿ ವಹಿಯನ್ನು ತೋರಿಸಬೇಕಾಗುತ್ತದೆ, ನಕಲು ಮಾಡಿದವರು ಸಿಕ್ಕಿಬೀಳುವುದು ಅಲ್ಲಿಯೇ. ಮುಂಬಯಿಯ ವಿಜ್ಞಾನ ಶಿಕ್ಷಕರ ಸಂಘ ನಡೆಸುವ ಡಾ. ಹೋಮಿ ಭಾಭಾ ಬಾಲವೈಜ್ಞಾನಿಕ ಸ್ಪರ್ಧೆ 6 ಮತ್ತು 9ನೇ ಇಯತ್ತೆಯವರಿಗೆ. ಮುಂದಿನ ಹಂತ ತಲುಪಿದವರು ಅದರಲ್ಲಿ ಕೃತಿ ಸಂಶೋಧನೆ ಮಾಡಬೇಕು. ಅದರ ಭಾಷೆ ಮರಾಠಿ ಅಥವಾ ಇಂಗ್ಲಿಷ್.

ಬಾವಿಯ ಪ್ರಕಲ್ಪ ಮಾಡುವವರು ಶಾಲೆ ತೆರೆಯಲಿ ಎಂದು ಕಾಯಬೇಡಿ. ಮೃಗಶಿರ ಮಳೆ ಹೂಡುವುದು ಜೂನ್ 7-8ರ ಸುಮಾರಿಗೆ. ನೀರು ತಳ ಕಂಡಾಗಿನ ಮೊದಲ ಅಂಕಿ ಬೇಕಾದರೆ ಮೇ ತಿಂಗಳಲ್ಲಿಯೇ ಹಗ್ಗ ಇಳಿಸಬೇಕು.