ಹಾಡು ಉಳಿಯಿತು, ಕೈ ಬಿಟ್ಟುಹೋಯಿತು

ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುವುದರಲ್ಲೇ ನನ್ನ ಅರ್ಧ ಆಯಸ್ಸು ಕಳೆಯಿತು. ಹೊಸದಾಗಿ ಬಂದವರನ್ನು ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ: "ಶಿಶುಗೀತೆ ಯಾಕೆ ಹೇಳಿಸ್ತೀರಿ?" ಉತ್ತರ ಹೆಚ್ಚುಕಡಿಮೆ ಒಂದೇ. "ಮಕ್ಕಳು ಗಲಾಟೆ ಮಾಡದೆ ಒಂದ್ಕಡೆ ಕೂತ್ಕೋತಾರೆ ಮೇಡಂ." ಇಪ್ಪತ್ತೈದು ಮಕ್ಕಳನ್ನು ಸಂಭಾಳಿಸುವವಳ ಮಾತು, ತಳ್ಳಿಹಾಕುವಂತಿಲ್ಲ. ಆದರೆ ನಮ್ಮ ಹಾಡುಗಳು ಹುಟ್ಟಿದ್ದು ಮಕ್ಕಳನ್ನು ಕೂರಿಸುವುದಕ್ಕಲ್ಲ. ಮನೆಯ ಜಗಲಿಯಿಂದ ಶಾಲೆಯ ಕೋಣೆಗೆ ಬರುವ ಹೊತ್ತಿಗೆ ಅವುಗಳ ಪದ ಉಳಿಯಿತು, ಕೈ ಬಿಟ್ಟುಹೋಯಿತು ಎಂಬುದು ನನ್ನ ತಕರಾರು.

ಕೈ ಅಂದರೆ ಏನು? ಅವಲಕ್ಕಿ ಪವಲಕ್ಕಿ ಆಟವನ್ನೇ ನೋಡಿ. ಮಕ್ಕಳು ಸುತ್ತ ಕೂತು ಅಂಗೈ ನೆಲಕ್ಕೆ ಊರುತ್ತಾರೆ. ಒಬ್ಬಳು ಹಾಡುತ್ತಾ, ಒಂದು ಮಾತಿಗೆ ಒಂದು ಕೈಯಂತೆ ಮುಟ್ಟುತ್ತಾ ಹೋಗುತ್ತಾಳೆ. ಕೊನೆಯ ಮಾತು ಯಾರ ಕೈ ಮೇಲೆ ಬಿತ್ತೋ ಆ ಕೈ ಬೆನ್ನ ಹಿಂದೆ. ಒಂದೇ ಮಾತಿಗೆ ಎರಡು ಕೈ ಮುಟ್ಟಿದಳೋ, ಎದುರಿನ ಹುಡುಗ "ಮೋಸ, ಮೋಸ" ಎಂದು ಎದ್ದೇಬಿಡುತ್ತಾನೆ. ನಾಲ್ಕು ವರ್ಷದ ಮಗುವಿಗೆ ಎಣಿಕೆ ಕಲಿಸಲು ಹೊರಟವರಿಗೆ ಇದರ ಬೆಲೆ ಗೊತ್ತು. ಮಗುವಿನ ಬಾಯಿ ಐದಕ್ಕೆ ಬಂದಿರುತ್ತದೆ, ಬೆರಳು ಇನ್ನೂ ಮೂರನೇ ಹುಣಸೆಬೀಜದ ಮೇಲೆ ಇರುತ್ತದೆ. ಒಂದು ಮಾತಿಗೆ ಒಂದು ವಸ್ತು ಎಂಬ ಲೆಕ್ಕದ ಮೊದಲ ಪಾಠವನ್ನು ಈ ಆಟ ಯಾರ ಉಪದೇಶವೂ ಇಲ್ಲದೆ ಕಲಿಸುತ್ತದೆ. ಅಂಗೈಯಲ್ಲಿ ಅನ್ನ ಕಲಸಿ, ಬೆರಳಿಗೊಂದು ಪಾಲು ಹಂಚಿ, ಕೊನೆಗೆ ತೋಳು ಹತ್ತಿ ಕಂಕುಳಲ್ಲಿ ಕಚಗುಳಿ ಇಡುವ ಆಟವೂ ಹಾಗೆಯೇ. ಕಚಗುಳಿ ಯಾವಾಗ ಬರುತ್ತದೆ ಎಂದು ಮಗು ಉಸಿರು ಬಿಗಿಹಿಡಿದು ಕಾಯುತ್ತದಲ್ಲ, ಮೊದಲು ಯಾವುದು, ಆಮೇಲೆ ಯಾವುದು ಎಂಬ ತಿಳಿವಳಿಕೆ ಅಲ್ಲೇ ಇದೆ.

ಹಳೆಯ ಕೂಲಿಮಠಗಳಲ್ಲಿ ಲಯಕ್ಕೇನೂ ಕೊರತೆ ಇರಲಿಲ್ಲ. ಮರಳಿನ ಮೇಲೆ ಅಕ್ಷರ ತೀಡುವುದು, ಮಗ್ಗಿ ಒಪ್ಪಿಸುವುದು, ಅಮರಕೋಶ ಬಾಯಿಪಾಠ ಮಾಡುವುದು ಎಲ್ಲವೂ ರಾಗವಾಗಿಯೇ ನಡೆಯುತ್ತಿತ್ತು. ಇಲ್ಲದಿದ್ದದ್ದು ಆಟ. ಪದ್ಯವೆಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕೆಂಬ ಆದಿಪ್ರಾಸದ ಕಟ್ಟು ಬೇರೆ. ವಿದ್ವಾಂಸರ ಕಿವಿಗೆ ಅದು ಚಂದ, ಮಕ್ಕಳ ಚಪ್ಪಾಳೆ ಬೀಳುವುದು ಮಾತ್ರ ಸಾಲಿನ ಕೊನೆಗೆ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆ ಪ್ರಾಸವನ್ನು ಬಿಟ್ಟಾಗ ಪಂಡಿತರಿಗೆ ಸಿಟ್ಟು ಬಂತು. ನಮ್ಮ ಅಜ್ಜಿಯರ ಆಟದ ಹಾಡುಗಳಿಗೆ ಮೊದಲಿನಿಂದಲೂ ಅಂತ್ಯಪ್ರಾಸವೇ ಸಾಕಾಗಿತ್ತು. ಅವರ ಮೇಲೆ ಯಾರೂ ಸಿಟ್ಟಾದಂತಿಲ್ಲ.

ಆ ಕಾಲದಲ್ಲಿ ಮಕ್ಕಳ ಕಡೆ ತಿರುಗಿ ನೋಡಿದವರು ಪಂಜೆ ಮಂಗೇಶರಾಯರು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದವರು, ಕನ್ನಡ ಕಲಿಸಿದವರು, ಶಾಲೆಗಳ ಇನ್‌ಸ್ಪೆಕ್ಟರ್ ಆಗಿ ತಿರುಗಿದವರು. ಇನ್‌ಸ್ಪೆಕ್ಟರ್ ಬಂದರೆಂದರೆ ಮೇಷ್ಟ್ರೇ ನಡುಗುತ್ತಿದ್ದ ದಿನಗಳಲ್ಲಿ ಈ ಮನುಷ್ಯ ಮಕ್ಕಳ ಮುಂದೆ ಕಥೆ ಹೇಳಿ, ಹಾಡಿ, ಅಭಿನಯಿಸುತ್ತಿದ್ದರು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. 'ಕವಿಶಿಷ್ಯ' ಎಂದು ಹೆಸರಿಟ್ಟುಕೊಂಡು ಬರೆದ ಅವರ ಪದ್ಯಗಳನ್ನು ಸುಮ್ಮನೆ ಕೂತು ಓದಲು ಆಗುವುದಿಲ್ಲ. 'ನಾಗರಹಾವು' ಹೇಳಿಸಿ ನೋಡಿ, ಹೇಳದೆಯೇ ಮಕ್ಕಳ ಅಂಗೈ ಹೆಡೆಯಾಗಿ ಎದ್ದಿರುತ್ತದೆ. 'ತೆಂಕಣ ಗಾಳಿಯಾಟ'ಕ್ಕೆ ಕೋಣೆ ಸಾಲದು, ಅಂಗಳಕ್ಕೇ ಹೋಗಬೇಕು.

ಜಿ.ಪಿ. ರಾಜರತ್ನಂ ಇದನ್ನು ಇನ್ನೂ ಚಿಕ್ಕ ಮಕ್ಕಳಿಗೆ ಇಳಿಸಿದರು. ರತ್ನನ ಪದಗಳ ಕುಡುಕನನ್ನೂ ತುತ್ತೂರಿಯ ಕಸ್ತೂರಿಯನ್ನೂ ಸೃಷ್ಟಿಸಿದ್ದು ಒಂದೇ ಲೇಖನಿ. ಬಳಕೆಯ ಮಾತಿಗೆ ಅವರ ಕಿವಿ ಎಷ್ಟು ಹತ್ತಿರವಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅವರ ನಾಯಿಮರಿಯ ಪದ್ಯ ಪೂರ್ತಿ ಪ್ರಶ್ನೋತ್ತರ: ಮಗು ಕೇಳುತ್ತದೆ, ನಾಯಿಮರಿ ಹೇಳುತ್ತದೆ. ತರಗತಿಯನ್ನು ಎರಡು ಗುಂಪು ಮಾಡಿದರೆ ನಾಟಕ ತಯಾರು. ನಾನು ನೋಡಿದ ಒಂದು ಅಂಗನವಾಡಿಯಲ್ಲಿ ಸೇರಿ ವಾರಗಟ್ಟಲೆಯಾದರೂ ತುಟಿ ಬಿಚ್ಚದ ಹುಡುಗಿಯೊಬ್ಬಳು ಕಂಬಕ್ಕೆ ಒರಗಿ ನಿಂತಿರುತ್ತಿದ್ದಳು. ಒಂದು ದಿನ ನಾಯಿ ಬೊಗಳುವ ಜಾಗ ಬಂದಾಗ ಎಲ್ಲರಿಗಿಂತ ಗಟ್ಟಿಯಾಗಿ ಬೊಗಳಿದಳು. ಆಮೇಲೆ ಸ್ವಲ್ಪ ದಿನ ಅವಳ ತಾಯಿಯದು ಒಂದೇ ದೂರು: "ಟೀಚರ್, ಮನೇಲಿ ನೆಂಟರು ಬಂದ್ರೂ ಬೊಗಳ್ತಾಳೆ."

ಇದೆಲ್ಲ ನಮ್ಮಲ್ಲಿ ಮಾತ್ರ ಇತ್ತೆಂದು ಬೀಗಬೇಕಾಗಿಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ ಹಳ್ಳಿಯ ತಾಯಂದಿರು ಮಕ್ಕಳನ್ನು ಆಡಿಸುವುದನ್ನು ಗಮನಿಸಿ, 1844ರಲ್ಲಿ ತಾಯಿ ಹಾಡುವ ಹಾಡುಗಳ ಪುಸ್ತಕ ತಂದ. ಹಾಡಿನ ಜೊತೆಗೆ ಬೆರಳನ್ನು ಹೇಗೆ ಆಡಿಸಬೇಕೆಂಬ ಚಿತ್ರವೂ ಅದರಲ್ಲಿತ್ತು. ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟವನೂ ಅವನೇ. 1851ರಲ್ಲಿ ಪ್ರಷ್ಯಾ ಸರ್ಕಾರ ಆ ಶಾಲೆಗಳನ್ನು ನಿಷೇಧಿಸಿತು. ಬೆರಳಾಟದಲ್ಲೂ ಅಪಾಯ ಕಂಡ ಸರ್ಕಾರ! ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್, ಆಮೇಲೆ ಅನುತಾಯಿ ವಾಘ್ ಜೊತೆ ಸೇರಿ, ಮಹಾರಾಷ್ಟ್ರದ ಆದಿವಾಸಿ ಹಾಡಿಗಳ ಅಂಗಳದಲ್ಲೇ ಶಾಲೆ ನಡೆಸಿದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅಂಗಳಕ್ಕೆ ಹೋಗಲಿ ಎಂಬ ಹಟ ಅವರದು.

1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಊಟ, ತೂಕ, ಚುಚ್ಚುಮದ್ದುಗಳ ಜೊತೆ ಶಾಲಾಪೂರ್ವ ಶಿಕ್ಷಣವೂ ಆ ಯೋಜನೆಯಲ್ಲಿತ್ತು. ಕಾರ್ಯಕರ್ತೆಯ ಕೈಗೆ ರಿಜಿಸ್ಟರ್ ಬಂದವು. ಎರಡು ಕೈಯಲ್ಲೂ ರಿಜಿಸ್ಟರ್ ಹಿಡಿದವಳು ಅಭಿನಯ ಗೀತೆ ಹೇಗೆ ಮಾಡಿಸಿಯಾಳು? ಇತ್ತ ಶಾಲೆಗಳಲ್ಲಿ ಪದ್ಯ ಪರೀಕ್ಷೆಯ ವಸ್ತುವಾಗಿತ್ತು. ನಾನು ಓದಿದ ಶಾಲೆಯಲ್ಲಿ ಕೈ ಕಟ್ಟಿ, ಗೋಡೆ ನೋಡುತ್ತಾ ಒಪ್ಪಿಸಬೇಕಿತ್ತು. ಕೈ ಆಡಿಸಿದರೆ ಅಶಿಸ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದು ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಆರಂಭಿಸಿದಾಗ ಮಕ್ಕಳು ಮತ್ತೆ ನೆಲದ ಮೇಲೆ ಗುಂಡಗೆ ಕೂತರು, ಹಾಡಿಗೆ ಮತ್ತೆ ಕೈ ಬಂತು. ಅದನ್ನು ನಮ್ಮ ಸರ್ಕಾರಿ ಶಾಲೆಗಳ ಒಳ್ಳೆಯ ದಿನಗಳಲ್ಲೊಂದು ಎಂದೇ ಎಣಿಸುತ್ತೇನೆ.

ಹಾಡಿಗೂ ಓದಿಗೂ ನಂಟಿದೆಯೇ ಎಂದು ಆಕ್ಸ್‌ಫರ್ಡ್‌ನ ಪೀಟರ್ ಬ್ರಯಂಟ್, ಲಿನೆಟ್ ಬ್ರಾಡ್ಲಿ 1980ರ ದಶಕದಲ್ಲಿ ಪರೀಕ್ಷಿಸಿದ್ದರು. ಮೂರರ ವಯಸ್ಸಿಗೇ ಶಿಶುಪ್ರಾಸ ಚೆನ್ನಾಗಿ ಬಲ್ಲ ಮಕ್ಕಳು ಮುಂದೆ ಮಾತಿನ ಸದ್ದುಗಳನ್ನು ಬಿಡಿಸಿ ಗುರುತಿಸುವುದರಲ್ಲೂ ಮುಂದಿದ್ದರು. ಅದು ಇಂಗ್ಲಿಷಿನ ಮಾತು. ಕನ್ನಡದಲ್ಲಿ ನಾನು ಕಂಡ ಉಪಾಯ ಇಷ್ಟೇ: 'ತುತ್ತೂರಿ' ಎಂದು ಹೇಳಿಸಿ, ಅಕ್ಷರಕ್ಕೊಂದು ಚಪ್ಪಾಳೆ ತಟ್ಟಿಸಿ. ಮೊದಲ ಚಪ್ಪಾಳೆಗೂ ಎರಡನೆಯದಕ್ಕೂ ನಡುವೆ ನಾಲಿಗೆ ಹಲ್ಲಿಗೆ ಒತ್ತಿ ನಿಲ್ಲುತ್ತದೆ. ಆ ನಿಲುಗಡೆ ಒಮ್ಮೆ ಗೊತ್ತಾದ ಮಗುವಿಗೆ ಒಂದನೇ ತರಗತಿಯಲ್ಲಿ ಒತ್ತಕ್ಷರ ಭೂತದಂತೆ ಕಾಣುವುದಿಲ್ಲ.

ಈಗ ಮೊಬೈಲಿನಲ್ಲಿ ಬಣ್ಣಬಣ್ಣದ ಶಿಶುಗೀತೆಗಳು ಬೇಕಾದಷ್ಟಿವೆ. ಆನೆ ಕುಣಿಯುತ್ತದೆ, ಮಗು ಬಾಯಿ ಬಿಟ್ಟುಕೊಂಡು ನೋಡುತ್ತದೆ. ಗಲಾಟೆಯೂ ಇಲ್ಲ. ಕೈ ಕಟ್ಟಿಸುತ್ತಿದ್ದ ನನ್ನ ಮೇಷ್ಟ್ರಿಗೂ ಈ ಪರದೆಗೂ ನನಗೆ ಹೆಚ್ಚು ವ್ಯತ್ಯಾಸ ಕಾಣದು. ಇಬ್ಬರಿಗೂ ಬೇಕಾದದ್ದು ಅಲುಗದೆ ಕೂತ ಮಗು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಬೆರಳಾಟದ ಹಾಡು ಬಲ್ಲ ಅಜ್ಜಿ, ಅತ್ತೆ, ಸೋದರಮಾವ ಯಾರಾದರೂ ಇದ್ದರೆ ಅವರನ್ನು ಹತ್ತಿರದ ಅಂಗನವಾಡಿಗೆ ಕರೆದುಕೊಂಡು ಹೋಗಿ. ಹಾಡನ್ನು ಬರೆದುಕೊಟ್ಟರೆ ಸಾಲದು, ಕೈ ಹೇಗೆ ಆಡಬೇಕೆಂದು ಕಾರ್ಯಕರ್ತೆಗೂ ಸಹಾಯಕಿಗೂ ಆಡಿಯೇ ತೋರಿಸಬೇಕು. ಬೆಳಿಗ್ಗೆಯೇ ಹೋಗಿ, ಊಟದ ಹೊತ್ತು ಹತ್ತಿರವಾದರೆ ಮಕ್ಕಳ ಮನಸ್ಸೆಲ್ಲ ಅನ್ನಸಾರಿನ ಮೇಲಿರುತ್ತದೆ.